ರಾಯಚೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ: ನಶೆ ಇಳಿದಿದೆಯೇ ಎಂದು ಮನೆಮನೆಗೆ ಹೋಗಿ ಕೇಳಿಸಿ

ಮಾನ್ಯ ಜಿಲ್ಲಾಧಿಕಾರಿಗಳೇ,

ಗೌರವಪೂರ್ವಕ ನಮಸ್ಕಾರಗಳು.

ಜೂನ್ 26ರಂದು, ಮಾದಕ ವಸ್ತು ವಿರೋಧಿ ದಿನದ ನಿಮಿತ್ತ, ನಮ್ಮ ಶಾಲೆಯ ಅಂಗಳದಲ್ಲಿ ಮಕ್ಕಳೆಲ್ಲ ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಸ್ವೀಕರಿಸಿದರು. ಕಾರ್ಯಕ್ರಮ ಮುಗಿದ ಮೇಲೆ ನಾನು ತುಂಬಿ ಕಳುಹಿಸಬೇಕಿದ್ದ ನಮೂನೆಯಲ್ಲಿ ಭಾಗವಹಿಸಿದವರ ಸಂಖ್ಯೆ, ಅತಿಥಿಗಳ ಹೆಸರು, ಫೋಟೊ ಎಂಬ ಮೂರೇ ಖಾನೆಗಳಿದ್ದವು. ಅದನ್ನು ತುಂಬುತ್ತ ಕುಳಿತಿದ್ದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬಂದು, “ಸರ್, ಸೇಂದಿನೂ ನಶಾ ಏನ್ರಿ? ನಮ್ಮ ಮನ್ಯಾಗ ಅವ್ವ, ಆಯಿ ಎಲ್ಲಾರೂ ಕುಡಿತಾರ್ರಿ” ಎಂದು ಕೇಳಿದ. ಅವನ ಮಾತನ್ನು ಬರೆಯಲು ಯಾವ ಖಾನೆಯೂ ಇರಲಿಲ್ಲ. ಈ ಪತ್ರ ಬರೆಯಲು ಅದೇ ಕಾರಣ.

ನಶಾಮುಕ್ತ ಭಾರತ ಅಭಿಯಾನ 2020ರ ಆಗಸ್ಟ್ 15ರಂದು ದೇಶದ 272 ಜಿಲ್ಲೆಗಳಲ್ಲಿ ಆರಂಭವಾಯಿತು. ಅದರ ಜಿಲ್ಲಾ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಜಾಥಾ, ಬೀದಿ ನಾಟಕ, ಗೋಡೆಬರಹ, ಪ್ರತಿಜ್ಞೆ ಇವೆಲ್ಲ ನಡೆಯುತ್ತಿವೆ, ನಡೆಯಲಿ. ಆದರೆ ಇವುಗಳಿಂದ ಒಂದು ಹಳ್ಳಿಯಲ್ಲಾದರೂ ಕುಡಿತ ಕಡಿಮೆಯಾಯಿತೇ ಎಂದು ಕೇಳಿದರೆ ಉತ್ತರವಾಗಿ ಸಿಗುವುದು ಕಾರ್ಯಕ್ರಮಗಳ ಪಟ್ಟಿ. ಅಬಕಾರಿ ಇಲಾಖೆಯ ಮಾರಾಟದ ಲೆಕ್ಕವಿದೆಯಲ್ಲ ಎನ್ನಬಹುದು. ಆ ಲೆಕ್ಕದಲ್ಲಿ ಕಿರಾಣಿ ಅಂಗಡಿಯ ಹಿಂಬಾಗಿಲಲ್ಲಿ ಪ್ಯಾಕೆಟ್ ಕೊಂಡವರು ಯಾರು, ಅವರ ವಯಸ್ಸೆಷ್ಟು ಎಂಬುದು ಕಾಣುವುದಿಲ್ಲ. ತೆಲಂಗಾಣದ ಗಡಿ ದಾಟಿ ಬರುವ ಸರಕಂತೂ ಅದರಲ್ಲಿ ಇಲ್ಲವೇ ಇಲ್ಲ. ದಾಖಲಾದ ಗಾಂಜಾ ಪ್ರಕರಣಗಳು ಹೆಚ್ಚಾದರೆ ಅದು ಸೇವನೆ ಹೆಚ್ಚಿದ್ದರಿಂದಲೋ ಪೊಲೀಸರು ಚುರುಕಾದದ್ದರಿಂದಲೋ ಎಂದು ಆ ಸಂಖ್ಯೆಯೊಂದರಿಂದಲೇ ಹೇಳಲಾಗದು.

ಆದ್ದರಿಂದ ನನ್ನ ಬೇಡಿಕೆ ಒಂದೇ: ಮುಂದಿನ ವರ್ಷದ ಜಾಗೃತಿ ಕಾರ್ಯಕ್ರಮಗಳಿಗೆ ಹಣ ಬಿಡುಗಡೆಯಾಗುವ ಮೊದಲು ಜಿಲ್ಲೆಯಲ್ಲಿ ಒಂದು ಮನೆಮನೆ ಸಮೀಕ್ಷೆ ಮಾಡಿಸಿ, ಅದೇ ಸಮೀಕ್ಷೆಯನ್ನು ಎರಡು ವರ್ಷಗಳ ನಂತರ ಮತ್ತೆ ಮಾಡಿಸಬೇಕು.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನವರಲ್ಲಿ ಶೇ 14.6ರಷ್ಟು ಮಂದಿ ಮದ್ಯ ಸೇವಿಸುತ್ತಾರೆ. ಪುರುಷರಲ್ಲಿ ಇದು ಶೇ 27.3, ಮಹಿಳೆಯರಲ್ಲಿ ಶೇ 1.6. ದೇಶ ಮತ್ತು ರಾಜ್ಯಗಳ ಮಟ್ಟದ ಅಂದಾಜಿಗೆ ಅದು ಬಹಳ ಉಪಯುಕ್ತ ಕೆಲಸ. ಆದರೆ ನಮ್ಮ ದೇವದುರ್ಗದ ಸ್ಥಿತಿಯನ್ನೋ ಸಿರವಾರದ ಸ್ಥಿತಿಯನ್ನೋ ಅದರಿಂದ ತಿಳಿಯಲಾಗದು. ತಾಯಿ, ಅಜ್ಜಿ ಇಬ್ಬರೂ ಸೇಂದಿ ಕುಡಿಯುವ ಮನೆಯಿಂದ ಬಂದ ಆ ಹುಡುಗನನ್ನು ನೆನೆದಾಗ, ನಮ್ಮ ಗಡಿ ಹಳ್ಳಿಗಳ ಮಹಿಳೆಯರಿಗೆ ಆ ಶೇ 1.6 ಹೊಂದುತ್ತದೆಂದು ನಾನು ನಂಬಲಾರೆ.

ಪ್ರಶ್ನೆಗಳನ್ನು ಹೇಗೆ ಕೇಳುತ್ತೇವೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. “ಮದ್ಯ ಸೇವಿಸುತ್ತೀರಾ?” ಎಂದು ಕೇಳಿದರೆ ಸೇಂದಿ ಕುಡಿಯುವ ತಾಯಿ ಇಲ್ಲವೆಂದೇ ಹೇಳುತ್ತಾಳೆ, ಅವಳ ಪಾಲಿಗೆ ಅದು ಸುಳ್ಳೂ ಅಲ್ಲ. ಅವಳ ಕೈಗೆ ಬರುವ ಸೇಂದಿಯಲ್ಲಿ ಸಿ.ಎಚ್. ಪೌಡರ್, ಅಂದರೆ ನಿದ್ದೆ ಬರಿಸುವ ಕ್ಲೋರಲ್ ಹೈಡ್ರೇಟ್, ಬೆರೆತಿರಬಹುದೆಂಬುದು ನಮ್ಮ ಜಿಲ್ಲೆಯಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಸೇಂದಿ, ಪ್ಯಾಕೆಟ್, ಗಾಂಜಾ, ಮಾತ್ರೆ, ಗುಟ್ಕಾ ಎಂದು ಒಂದೊಂದರ ಹೆಸರು ಹೇಳಿ, ಕಳೆದ 30 ದಿನಗಳಲ್ಲಿ ಎಷ್ಟು ದಿನ ಎಂದು ಕೇಳಬೇಕು. ಪ್ರಮಾಣದ ವಿಷಯದಲ್ಲೂ ಹೀಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ‘ಆಡಿಟ್’ ಪ್ರಶ್ನಾವಳಿ 10 ಗ್ರಾಂ ಆಲ್ಕೊಹಾಲನ್ನು ಒಂದು ಪಾನವೆಂದು ಎಣಿಸುತ್ತದೆ. ನಮ್ಮಲ್ಲಿ ಕೂಲಿಯವರು ಕುಡಿಯುವ 90 ಮಿ.ಲೀ. ವಿಸ್ಕಿ ಪ್ಯಾಕೆಟ್‌ನಲ್ಲಿ ಶೇ 42.8ರ ಲೆಕ್ಕಕ್ಕೆ ಸುಮಾರು 30 ಗ್ರಾಂ ಇರುತ್ತದೆ. ಒಂದು ಪ್ಯಾಕೆಟ್ ಎಂದವನನ್ನು ಒಂದು ಪಾನದ ಲೆಕ್ಕಕ್ಕೆ ಬರೆದುಕೊಂಡರೆ ಅವನ ಕುಡಿತದ ಮೂರನೆಯ ಎರಡು ಭಾಗ ಕಾಗದದಿಂದಲೇ ಮಾಯವಾಗುತ್ತದೆ.

ಸಮೀಕ್ಷೆಯ ಕಾಲವನ್ನೂ ತಾವು ಗಮನಿಸಬೇಕು. ಸುಗ್ಗಿ ಮುಗಿದ ಮೇಲೆ ನಮ್ಮ ಎಷ್ಟೋ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗುತ್ತವೆ. ಬೇಸಿಗೆಯಲ್ಲಿ ಬಾಗಿಲು ತಟ್ಟಿದರೆ ಸಿಗುವವರು ಮುದುಕರು ಮತ್ತು ಮಕ್ಕಳು. ದುಡಿಯುವ ವಯಸ್ಸಿನ ಗಂಡಸರು ಲೆಕ್ಕಕ್ಕೇ ಸಿಗುವುದಿಲ್ಲ. ಮೊದಲ ಸುತ್ತು ಮಳೆಗಾಲದಲ್ಲೂ ಎರಡನೆಯ ಸುತ್ತು ಬೇಸಿಗೆಯಲ್ಲೂ ನಡೆದರೆ ಕುಡಿತ ಇಳಿದಂತೆ ತೋರುತ್ತದೆ, ಇಳಿದಿರುವುದಿಲ್ಲ.

ಎಲ್ಲ ಹಳ್ಳಿಗಳಲ್ಲೂ ಒಟ್ಟಿಗೆ ಕಾರ್ಯಕ್ರಮ ಆರಂಭಿಸದೆ, ಚೀಟಿ ಎತ್ತಿ ಕೆಲವು ಗ್ರಾಮ ಪಂಚಾಯಿತಿಗಳನ್ನು ಮೊದಲ ಎರಡು ವರ್ಷಕ್ಕೂ ಉಳಿದವುಗಳನ್ನು ಎರಡನೆಯ ಸಮೀಕ್ಷೆಯ ನಂತರಕ್ಕೂ ಇಟ್ಟುಕೊಂಡರೆ ಹೋಲಿಕೆಗೆ ಆಧಾರ ಸಿಗುತ್ತದೆ. ಬೆಲೆ ಏರಿದ್ದರಿಂದಲೋ ಮಳೆ ಕೈಕೊಟ್ಟಿದ್ದರಿಂದಲೋ ಕುಡಿತ ಇಳಿದಿದ್ದರೆ ಎರಡೂ ಕಡೆ ಇಳಿದಿರುತ್ತದೆ. 1990ರ ದಶಕದಲ್ಲಿ ಅಮೆರಿಕದ ಹಲವು ಊರುಗಳಲ್ಲಿ ‘ಫೈಟಿಂಗ್ ಬ್ಯಾಕ್’ ಎಂಬ ದೊಡ್ಡ ಸಮುದಾಯ ಕಾರ್ಯಕ್ರಮ ನಡೆಯಿತು. ಅಂಥವೇ ಬೇರೆ ಊರುಗಳ ಜನರನ್ನೂ ಸಮೀಕ್ಷೆ ಮಾಡಿ ಹೋಲಿಸಿದಾಗ ಸೇವನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಳೆದದ್ದರಿಂದಲೇ ಅದು ಗೊತ್ತಾಯಿತು. ಐಸ್‌ಲ್ಯಾಂಡಿನಲ್ಲಿ ಶಾಲಾ ಮಕ್ಕಳ ಸಮೀಕ್ಷೆಯನ್ನು ಮತ್ತೆ ಮತ್ತೆ ನಡೆಸಿ, ಫಲಿತಾಂಶವನ್ನು ಆಯಾ ಶಾಲೆಗೆ, ಆಯಾ ಊರಿಗೆ ಕೂಡಲೇ ಮರಳಿಸಿ, ಅದರ ಮೇಲೆ ಕ್ರಮ ಕೈಗೊಂಡರು. ಕಳೆದ ಒಂದು ತಿಂಗಳಲ್ಲಿ ಕುಡಿದು ಅಮಲೇರಿದ್ದೆವೆಂದ 15-16ರ ವಯಸ್ಸಿನ ಮಕ್ಕಳ ಪ್ರಮಾಣ ಅಲ್ಲಿ 1998ರಲ್ಲಿ ಶೇ 42 ಇದ್ದದ್ದು 2016ಕ್ಕೆ ಶೇ 5ಕ್ಕೆ ಇಳಿಯಿತು.

ಖರ್ಚು ಉಳಿಸಲೆಂದು ನಾಲ್ಕು ನೂರು ಮಂದಿಯನ್ನಷ್ಟೇ ಕೇಳಿ ಮುಗಿಸಬಾರದೆಂದೂ ವಿನಂತಿ. ಅಷ್ಟು ಮಂದಿಯಿಂದ ಬರುವ ಅಂದಾಜಿನಲ್ಲಿ ಅತ್ತಿತ್ತ ಶೇ 5ರವರೆಗೆ ವ್ಯತ್ಯಾಸವಿರಬಹುದು. ಶೇ 3ರಷ್ಟು ಇಳಿಕೆ ನಿಜವಾಗಿ ಆಗಿದ್ದರೂ ಅದರಲ್ಲಿ ಕಾಣಿಸದು.

ಕೇಳುವವರು ಅದೇ ಊರಿನ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯರಾಗಿರಬಾರದು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ, ಆದರೆ ದಿನಾ ಎದುರಾಗುವ ನೆರೆಯವಳ ಮುಂದೆ ಯಾರು ಬಾಯಿ ಬಿಡುತ್ತಾರೆ? ಉತ್ತರಗಳಲ್ಲಿ ಹೆಸರು ಇರಬಾರದು, ಅವು ಪೊಲೀಸರಿಗಾಗಲಿ ಅಬಕಾರಿಯವರಿಗಾಗಲಿ ಹೋಗಬಾರದು. ಸಮೀಕ್ಷೆಯ ಹಿಂದೆಯೇ ದಾಳಿ ನಡೆದ ಊರಿನಲ್ಲಿ ಎರಡನೆಯ ಸುತ್ತಿಗೆ ಸತ್ಯ ಸಿಗುವುದಿಲ್ಲ. ನೆರವು ಬೇಕೆಂದವರಿಗೆ 14446 ಸಹಾಯವಾಣಿಯನ್ನೂ ಹತ್ತಿರದ ಆಸ್ಪತ್ರೆಯ ವಿಳಾಸವನ್ನೂ ಕೊಟ್ಟು ಬರಬೇಕು. ಕಲಬೆರಕೆ ಸೇಂದಿಯನ್ನು ಒಮ್ಮೆಲೇ ಬಿಟ್ಟವರಿಗೆ ಫಿಟ್ಸ್ ಬರುವ ಅಪಾಯವಿರುವುದರಿಂದ ಇದು ಔಪಚಾರಿಕತೆಯ ಮಾತಲ್ಲ.

ಪ್ರಶ್ನಾವಳಿ ರಚಿಸುವಾಗ ದಯವಿಟ್ಟು ನಮ್ಮ ಜಿಲ್ಲೆಯ ಹೆಣ್ಣುಮಕ್ಕಳನ್ನು ಕೂಡಿಸಿಕೊಳ್ಳಿ. 2007ರಲ್ಲಿ ಸಾರಾಯಿ ನಿಷೇಧವಾದ ಮೇಲೂ ಮನೆಗಳಲ್ಲಿ ಏನು ಬದಲಾಗಲಿಲ್ಲ ಎಂಬುದನ್ನು ಬಲ್ಲವರು ಅವರು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದವರಲ್ಲಿ ರಾಯಚೂರಿನ ಮಹಿಳೆಯರೂ ಇದ್ದರು. ವಾರದ ಕೂಲಿಯಲ್ಲಿ ಎಷ್ಟು ಮನೆ ತಲುಪಿತು, ಹೊಡೆತ ಬಿದ್ದ ದಿನಗಳೆಷ್ಟು ಎಂಬ ಪ್ರಶ್ನೆಗಳು ಅವರಿಗೆ ಹೊಳೆಯುವಂತೆ ನಮ್ಮಂಥವರಿಗೆ ಹೊಳೆಯುವುದಿಲ್ಲ.

ಬರುವ ಮಳೆಗಾಲದಲ್ಲಿ, ಗುಳೆ ಹೋದವರು ಬಿತ್ತನೆಗೆ ಮರಳಿರುವಾಗ, ಮೊದಲ ಸುತ್ತು ನಡೆಯುವಂತೆ ಆದೇಶಿಸಿ, ಎರಡು ತಿಂಗಳೊಳಗೆ ಅದರ ಫಲಿತಾಂಶವನ್ನು ಗ್ರಾಮಸಭೆಗಳಲ್ಲಿ ಓದಿಸಬೇಕೆಂದು ಕೋರುತ್ತೇನೆ. ಸಮೀಕ್ಷಕರಿಗೆ ತರಬೇತಿ ಕೊಡುವ ಕೆಲಸಕ್ಕೆ ನನ್ನ ರಜಾದಿನಗಳನ್ನು ಕೊಡಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಸಿರವಾರ ತಾಲ್ಲೂಕಿನ ಒಬ್ಬ ಪ್ರೌಢಶಾಲಾ ಶಿಕ್ಷಕ