ಮಗಳಿಗೊಂದು ಪತ್ರ: ಅಜ್ಜಿ ಆಡಿದ ‘ನಮ’

ಪ್ರೀತಿಯ ಪುಟ್ಟಿ,

ಭಾನುವಾರ ರಾತ್ರಿ ಫೋನಿನಲ್ಲಿ ನಾನು ಆಡಿದ ಮಾತು ನಾಲ್ಕು ದಿನದಿಂದ ನನಗೆ ನಿದ್ದೆ ಕೊಟ್ಟಿಲ್ಲ. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿದ ನೀನು ಹೆಲ್ಸಿಂಕಿಯಲ್ಲಿ ಕರೆದಿದ್ದ ಹುದ್ದೆಗೆ ಅರ್ಜಿಯನ್ನೂ ಹಾಕದೆ, ಎರಡು ವರ್ಷ ಆ ದೇಶದ ಉತ್ತರ ತುದಿಯ ಇನಾರಿಯಲ್ಲಿದ್ದು ಅಲ್ಲಿನ ಹಿರಿಯರು ಆಡುವ ಇನಾರಿ ಸಾಮಿ ಭಾಷೆಯನ್ನು ದಾಖಲಿಸುತ್ತೇನೆ ಎಂದಾಗ, ‘350 ಜನ ಆಡುವ ಭಾಷೆಗೆ ನಿನ್ನ ಆಯುಷ್ಯ ಸುರಿಯಬೇಕೇ? ಅಷ್ಟು ಜನ ನಮ್ಮ ಬೀದಿಯಲ್ಲೇ ಇದ್ದಾರೆ’ ಎಂದುಬಿಟ್ಟೆ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಯ್ತಮ್ಮ, ಮಲಗು’ ಎಂದು ಫೋನ್ ಇಟ್ಟೆ. ನೀನು ಜಗಳವಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿದವಳು ಒಂದು ಭಾಷೆಯನ್ನು ತಲೆ ಎಣಿಸಿ ಅಳೆದೆ. ತಪ್ಪಾಯಿತು.

ನೀನು ಯಾವಾಗಲೋ ಕಳುಹಿಸಿದ್ದ, ನಾನು ‘ಓದುತ್ತೇನೆ’ ಎಂದು ಹಾಗೆಯೇ ಇಟ್ಟಿದ್ದ ಬರಹಗಳನ್ನು ಸೋಮವಾರ ಬೆಳಿಗ್ಗೆ ತೆಗೆದು ಕುಳಿತೆ. ಫಿನ್ನಿಶ್, ಹಂಗೇರಿಯನ್, ಸಾಮಿ ಭಾಷೆಗಳು ಸೇರಿದ ಫಿನ್ನೊ-ಉಗ್ರಿಕ್ ಬಳಗ ಎಂದರೆ ನನಗೆ ಇಷ್ಟು ದಿನ ನೆನಪಿದ್ದದ್ದು ನಮ್ಮ ಹಳೆಯ ವಾದವೊಂದೇ. ದ್ರಾವಿಡ ಭಾಷೆಗಳಿಗೂ ಫಿನ್ನಿಶ್ ಬಳಗಕ್ಕೂ ನಂಟಿರಬಹುದು ಎಂದು ಭಾಷಾವಿದ್ವಾಂಸ ಕಾಲ್ಡ್‌ವೆಲ್ 1856ರಲ್ಲಿ ಬರೆದದ್ದನ್ನು ಹಿಡಿದುಕೊಂಡು, ‘ನಮ್ಮ ಕೈ, ಅವರ ಕ್ಯಾಸಿ, ಎರಡೂ ಒಂದೇ ನೋಡು’ ಎಂದು ನಾನು ಹಿಗ್ಗಿದ್ದೆ. ಒಂದು ಪದದ ಹೋಲಿಕೆಯಿಂದ ನಂಟು ಸಿದ್ಧವಾಗುವುದಿಲ್ಲ, ಫಿನ್ನಿಶ್‌ನ ಕ್ಯಾಸಿ, ಹಂಗೇರಿಯನ್ನಿನ ಕೇಝ್, ಇನಾರಿ ಸಾಮಿಯ ಕಿಯೆತಾ ಇವುಗಳ ನಡುವೆ ಇರುವಂಥ ಧ್ವನಿನಿಯಮ ಪದದಿಂದ ಪದಕ್ಕೆ ತಪ್ಪದೆ ನಡೆಯಬೇಕು ಎಂದು ನೀನು ತಾಳ್ಮೆಯಿಂದ ತಿದ್ದಿದ್ದೆ. ಶುಕ್ರಗ್ರಹ ಸೂರ್ಯನನ್ನು ದಾಟುವುದನ್ನು ನೋಡಲು 1769ರಲ್ಲಿ ನಾರ್ವೆಯ ತುತ್ತತುದಿಗೆ ಹೋದ ಸಾಯ್ನೋವಿಚ್ ಎಂಬ ಹಂಗೇರಿಯ ಪಾದ್ರಿ, ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಮಾತು ಕೇಳಿ ಅದು ತನ್ನ ಭಾಷೆಯ ಬಂಧು ಎಂದು 1770ರಲ್ಲಿ ಪುಸ್ತಕ ಬರೆದ ಕತೆಯನ್ನೂ ನೀನೇ ಹೇಳಿದ್ದು. ಆ ದಿನ ನನ್ನ ಮಗಳು ನನಗೆ ಗುರುವಾದಳೆಂದು ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಆದರೆ ಈ ಸಲ ಓದಿದ್ದು ಬೇರೆ. ಎರಡನೇ ಮಹಾಯುದ್ಧದ ನಂತರ ಇನಾರಿಯ ಮಕ್ಕಳನ್ನು ಶಾಲೆಯ ವಸತಿನಿಲಯಗಳಲ್ಲಿಟ್ಟು ಫಿನ್ನಿಶ್‌ನಲ್ಲೇ ಬೆಳೆಸಿದರು, ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳೊಡನೆ ಫಿನ್ನಿಶ್‌ನಲ್ಲೇ ಮಾತನಾಡಿದರು. 1997ರಲ್ಲಿ ‘ಭಾಷಾಗೂಡು’ ತೆರೆದು, ಶಾಲೆಗೆ ಹೋಗದ ಪುಟ್ಟ ಮಕ್ಕಳ ಜೊತೆ ದಿನವಿಡೀ ಇನಾರಿ ಸಾಮಿಯನ್ನು ಮಾತ್ರ ಆಡತೊಡಗಿದರು. ಮಕ್ಕಳಿಗೆ ಭಾಷೆ ಬಂತು, ಅಜ್ಜ ಅಜ್ಜಿಯರಿಗೆ ಇದ್ದೇ ಇತ್ತು, ನಡುವಿನ ಪ್ರಾಯದವರಿಗೆ ಮಾತ್ರ ಇರಲಿಲ್ಲ. ಆ ಮಕ್ಕಳಿಗೆ ಮುಂದೆ ಪಾಠ ಹೇಳಲು, ರೇಡಿಯೋದಲ್ಲಿ ಸುದ್ದಿ ಓದಲು ಬೇಕಾದವರು ಆ ನಡುವಿನವರೇ. ಆಗ ಮಾರ್ಯಾ-ಲೀಸಾ ಓಲ್ತುಯಿಸ್ ಅವರು 2009–10ರಲ್ಲಿ ಒಂದು ವರ್ಷದ ತರಬೇತಿ ನಡೆಸಿ 17 ಮಂದಿ ವಯಸ್ಕರಿಗೆ ಭಾಷೆ ಕಲಿಸಿದರು. ತರಗತಿಯ ಪಾಠ ಸಾಲದೆಂದು ಅವರನ್ನು ಹಿರಿಯರ ಮನೆಗಳಿಗೆ ಕಳುಹಿಸಿದರು. ಬಲೆ ಎಳೆಯುತ್ತಾ, ಅಡುಗೆ ಮಾಡುತ್ತಾ ಮಾತು ಕಲಿಯಲಿ ಎಂದು. ಇನಾರಿ ಸಾಮಿಯಲ್ಲಿ ಹಕ್ಕಿಗಳಿಗೂ ಅಣಬೆಗಳಿಗೂ ಇರುವ ಹೆಸರುಗಳ ಮೇಲೆ ಪಿಎಚ್.ಡಿ. ಮಾಡಿದ ವಿದ್ವಾಂಸೆ, ಅದೇ ಭಾಷೆಯನ್ನು ತಾಯಿಯಿಂದ ಪಡೆದವರು, ತಮ್ಮ ಪಾಂಡಿತ್ಯವನ್ನು ಈ ಕೆಲಸಕ್ಕೆ ತಂದರು. ನೀನು ಅವರನ್ನು ಅಷ್ಟೊಂದು ಗೌರವಿಸುವುದು ಯಾಕೆಂದು ಈಗ ತಿಳಿಯಿತು.

‘ಕಳೆದುಹೋದ ತಲೆಮಾರು’ ಎಂಬ ಮಾತು ಆ ಬರಹಗಳಲ್ಲೊಂದರಲ್ಲಿತ್ತು. ಅದನ್ನು ಓದಿ ಮುಚ್ಚಿಟ್ಟೆ. ನಮ್ಮ ಮನೆಯಲ್ಲಿ ಆ ತಲೆಮಾರು ನಾನು.

ನೀನು ಯುಕೆಜಿಯಲ್ಲಿದ್ದಾಗ ನಿನ್ನ ಟೀಚರು ನನ್ನನ್ನು ಕರೆಸಿ, ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು ಎಂದರೆ ಮಗುವಿಗೆ ಗೊಂದಲವಾಗುತ್ತದೆ, ಒಂದನ್ನು ಬಿಡಿ ಎಂದರು. ನಾನೂ ಟೀಚರೇ, ಎದುರಾಡಬಹುದಿತ್ತು. ಮರುದಿನದಿಂದಲೇ ನಿನ್ನ ಜೊತೆ ತುಳು ನಿಲ್ಲಿಸಿದೆ. ದಾವಣಗೆರೆಯಲ್ಲಿ ತುಳು ಯಾರಿಗೆ ಬೇಕು ಎಂದುಕೊಂಡೆ. ತುಳುವಿಗೆ ಲಕ್ಷಗಟ್ಟಲೆ ಜನರಿದ್ದಾರೆ, ಅದು ಸಾಯುವ ಭಾಷೆಯಲ್ಲ, ನಿಜ. ಆದರೆ ನಮ್ಮ ಹೊಸಿಲೊಳಗೆ ಅದು ಆ ದಿನ ನಿಂತಿತು, ನಿಲ್ಲಿಸಿದವಳು ನಾನು.

ಅಜ್ಜಿಯನ್ನು ಕಾರ್ಕಳದಿಂದ ಕರೆತಂದಾಗ ನಿನಗೆ ಒಂಬತ್ತು ವರ್ಷ. ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದ ಅವರ ಕೈ ಹಿಡಿದು ನೀನು ಕೂತಿದ್ದೆ. ಅವರು ನಿನ್ನ ಮುಖ ನೋಡಿ, ‘ನಮ ಏಪ ಇಲ್ಲಡೆ ಪೋಪಿನಿ?’ ಎಂದರು. ನೀನು ನನ್ನ ಕಡೆ ತಿರುಗಿದೆ. ನಾನು ಮಾತ್ರೆ ಎಣಿಸುತ್ತಾ, ‘ಅಜ್ಜಿಗೆ ಊರಿಗೆ ಹೋಗಬೇಕಂತೆ’ ಎಂದೆ. ನೀನು ‘ಹೂಂ’ ಎಂದು ತಲೆಯಾಡಿಸಿದೆ, ಅಜ್ಜಿ ಇನ್ನೊಮ್ಮೆ ಅದನ್ನೇ ಕೇಳಿದರು, ನೀನು ಮತ್ತೆ ತಲೆಯಾಡಿಸಿದೆ.

ನನ್ನ ಅನುವಾದ ತಪ್ಪಾಗಿತ್ತು ಪುಟ್ಟಿ. ಇದನ್ನು ನಾನು ಯಾರಿಗೂ ಹೇಳಿಲ್ಲ. ತುಳುವಿನಲ್ಲಿ ‘ನಾವು’ ಎನ್ನಲು ಎರಡು ಪದಗಳಿವೆ. ಎದುರಿಗಿರುವವರನ್ನು ಬಿಟ್ಟು ಹೇಳುವುದಾದರೆ ‘ಎಂಕುಲು’, ಅವರನ್ನೂ ಸೇರಿಸಿ ಹೇಳುವುದಾದರೆ ‘ನಮ’. ಅಜ್ಜಿ ‘ನನಗೆ ಹೋಗಬೇಕು’ ಎನ್ನಲಿಲ್ಲ, ‘ಎಂಕುಲು’ ಎಂದೂ ಅನ್ನಲಿಲ್ಲ. ನಿನ್ನನ್ನು ಒಳಗೆ ಕರೆದುಕೊಂಡು, ನಾನೂ ನೀನೂ ಯಾವಾಗ ಮನೆಗೆ ಹೋಗುವುದು ಎಂದು ಕೇಳಿದರು. ನಾನು ಆ ವಾಕ್ಯದಿಂದ ನಿನ್ನನ್ನು ಹೊರಗಿಟ್ಟು ನಿನಗೆ ದಾಟಿಸಿದೆ. ಹನ್ನೊಂದನೆಯ ದಿನ ಅವರು ತೀರಿಕೊಂಡರು. ಆ ಹನ್ನೊಂದು ದಿನದಲ್ಲಿ ಎಷ್ಟು ಸಲ ‘ನಮ’ ಎಂದರೋ, ಪ್ರತಿ ಸಲವೂ ನಾನು ಏನು ದಾಟಿಸಿದೆನೋ, ನೆನೆಸಿಕೊಂಡಷ್ಟೂ ಆ ಮಾತ್ರೆಯ ಡಬ್ಬಿ ಮಾತ್ರ ಕಣ್ಣಿಗೆ ಬರುತ್ತದೆ. ಹಸಿರು ಮುಚ್ಚಳ, ಬೆಳಿಗ್ಗೆಗೆ ಎರಡು, ರಾತ್ರಿಗೆ ಒಂದು.

ಕಳೆದ ವರ್ಷ ನೀನು ಇನಾರಿ ಸಾಮಿಯ ದ್ವಿವಚನದ ಬಗ್ಗೆ ಉತ್ಸಾಹದಿಂದ ಹೇಳಿದೆಯಲ್ಲ, ‘ಮುಒಯ್’ ಎಂದರೆ ನಾವಿಬ್ಬರೇ, ‘ಮಿಯ್’ ಎಂದರೆ ನಾವೆಲ್ಲ ಎಂದು. ನಾನು ‘ಸಂಸ್ಕೃತದಲ್ಲೂ ದ್ವಿವಚನವಿದೆ’ ಎಂದು ಮಾತು ಮುಗಿಸಿಬಿಟ್ಟೆ. ‘ನಮ’ದ ಬಗ್ಗೆ ಆಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ.

ನೀನು ಆ ಭಾಷೆಯಲ್ಲೇ ಹತ್ತು ನಿಮಿಷ ಮಾತನಾಡಿದ ವಿಡಿಯೋವನ್ನು ನಾಲ್ಕು ಸಲ ನೋಡಿದ್ದೇನೆ. ಒಂದಕ್ಷರ ತಿಳಿಯಲಿಲ್ಲ. ಮುಂದಿನ ಸಾಲಿನಲ್ಲಿ ಕೆಂಪು ಟೊಪ್ಪಿಯ ಮುದುಕಿಯೊಬ್ಬರು ನೀನು ಆಡಿದ ಪ್ರತಿ ವಾಕ್ಯಕ್ಕೂ ತಲೆಯಾಡಿಸುತ್ತಿದ್ದರು, ಅವರಿಗೆ ನಿಜವಾಗಿ ಅರ್ಥವಾಗಿತ್ತು.

ಇನ್ನು, ಹೇಳಬಾರದೆಂದುಕೊಂಡಿದ್ದರೂ ಹೇಳುತ್ತೇನೆ. ಡಿಸೆಂಬರ್‌ನಲ್ಲಿ ಮುಳುಗಿದ ಸೂರ್ಯ ಅಲ್ಲಿ ಜನವರಿಯವರೆಗೆ ಏಳುವುದಿಲ್ಲವಂತೆ. ವಿಟಮಿನ್ ಡಿ ತಪ್ಪಿಸಬೇಡ, ಮನೆಯ ದೀಪಗಳನ್ನೆಲ್ಲ ಹಚ್ಚಿಟ್ಟುಕೋ. 3,000ಕ್ಕೂ ಹೆಚ್ಚು ದ್ವೀಪಗಳಿರುವ ಇನಾರಿ ಸರೋವರದ ಮಂಜುಗಡ್ಡೆಯ ಮೇಲೆ ಒಬ್ಬಳೇ ನಡೆಯಬೇಡ, ಅಲ್ಲಿಯವರು ಹೋಗು ಎಂದ ದಾರಿಯಲ್ಲೇ ಹೋಗು. ಯೋಜನೆ ಮುಗಿದ ಮೇಲೆ ಸಂಬಳವೇನು ಎಂಬುದನ್ನು ಬರವಣಿಗೆಯಲ್ಲಿ ಪಡೆದುಕೋ. ವಿದ್ವತ್ತನ್ನು ಹೊಗಳುವವರು ಬಾಡಿಗೆ ಕಟ್ಟುವುದಿಲ್ಲ. ಹಿರಿಯರ ಮನೆಗೆ ಹೋದಾಗ ರೆಕಾರ್ಡರನ್ನು ಮೊದಲು ಹೊರಗೆ ತೆಗೆಯಬೇಡ. ಮೀನು ಹೆಚ್ಚುತ್ತಿದ್ದರೆ ನೀನೂ ಕೂತು ಹೆಚ್ಚು; ಅಜ್ಜಿ ಬಂಗುಡೆಯ ಕಿವಿರು ತೆಗೆಯುವುದನ್ನು ನೋಡಿ ಬೆಳೆದ ನನ್ನ ಮಗಳು ನೀನು, ಆ ಕೆಲಸಕ್ಕೆ ಹಿಂಜರಿಯಬಾರದು. ಅವರಿಗೆ ದಣಿವಾದರೆ ಎದ್ದು ಬಾ, ಇನ್ನೊಂದು ಪದ ಸಿಗುವುದಿತ್ತು ಎಂದು ಕೂರಬೇಡ. ಕ್ಷಮೆ ಕೇಳಲು ಕೂತವಳು ಮತ್ತೆ ಪಾಠಕ್ಕಿಳಿದೆ.

ಶುಕ್ರವಾರ ಹೊರಡುವ ಮುಂಚೆ ಫೋನ್ ಮಾಡು. ನಾನು ತುಳುವಿನಲ್ಲೇ ಮಾತನಾಡುತ್ತೇನೆ. ನಿನಗೆ ತಿಳಿಯದಿದ್ದರೆ ತಡೆದು ಕೇಳು, ಇನ್ನೊಮ್ಮೆ ನಿಧಾನವಾಗಿ ಹೇಳುತ್ತೇನೆ, ಆದರೆ ಕನ್ನಡಕ್ಕೆ ಬಾ ಎಂದು ಮಾತ್ರ ಹೇಳಬೇಡ.

ನಿನ್ನ ಅಮ್ಮ