ಬೇಸಿಗೆ ಓದಿನ ಪಟ್ಟಿ ಅಂಟಿಸಿದವರಿಗೆ ವಂದನೆ

ಏಪ್ರಿಲ್ ರಜೆಗೆ ಮುಂಚೆ ನಮ್ಮ ಗ್ರಂಥಾಲಯದ ಬಾಗಿಲಿಗೆ ಹೈಸ್ಕೂಲು ಮಕ್ಕಳ ಓದಿನ ಪಟ್ಟಿ ಅಂಟಿಸಿ ಹೋದವರೇ, ನೀವು ಯಾರೆಂದು ಗೊತ್ತಿಲ್ಲ. ಮನಸಾರೆ ಧನ್ಯವಾದ.

ಪುಸ್ತಕಗಳಿಗಿಂತ ಅವನ್ನು ಜೋಡಿಸಿದ ಕ್ರಮ ದೊಡ್ಡದು. ಮೊದಲು ತೇಜಸ್ವಿಯವರ ‘ಪರಿಸರದ ಕತೆ’: ಬಿಡಿ ಬಿಡಿ ಬರಹಗಳು, ಕೂತಲ್ಲೇ ಒಂದು ಮುಗಿಯುತ್ತದೆ. ಆಮೇಲೆ ‘ಕರ್ವಾಲೊ’, ಹಾರುವ ಓತಿಯ ಕುತೂಹಲವೇ ಪುಟ ತಿರುಗಿಸುತ್ತದೆ. ಮೂರನೆಯದು ಕಾರಂತರ ‘ಚೋಮನ ದುಡಿ’. ಚಿಕ್ಕದು, ಆದರೆ ಭಾರ. ಚೋಮನಿಗೆ ಬೇಸಾಯಕ್ಕೆ ಭೂಮಿ ಯಾಕೆ ಸಿಗಲಿಲ್ಲ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ, ಉತ್ತರಿಸಲು ದೊಡ್ಡವರೊಬ್ಬರು ಜೊತೆಗಿರಬೇಕು ಎಂದು ಬರೆದಿದ್ದೀರಿ. ನಿಜ.

ಕುವೆಂಪು ಅವರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಹತ್ತನೇ ತರಗತಿ ಮುಗಿಸಿದವರಿಗೆ ಇಟ್ಟದ್ದೂ ಸರಿ. ಎಂಟನೇ ತರಗತಿಯವರು ಕತೆಯ ಗುತ್ತಿ ಮತ್ತು ಅವನ ನಾಯಿ ಹುಲಿಯನ ಜೊತೆ ಖುಷಿಯಿಂದ ಹೊರಡುತ್ತಾರೆ. ಮನೆಗಳ, ಜನರ ಹೆಸರು ಹೆಚ್ಚಿದಂತೆ ಗೊಂದಲವಾಗಿ ಕೈಬಿಡುತ್ತಾರೆ. ನೀವು ಹೇಳಿದ ಚೀಟಿ, ಎಡಕ್ಕೆ ಮನೆಯ ಹೆಸರು, ಬಲಕ್ಕೆ ಅಲ್ಲಿಯ ಜನ, ಈಗ ಪುಸ್ತಕದೊಳಗೇ ಇಟ್ಟಿದ್ದೇವೆ.

ದಿನಕ್ಕೆ 15 ಪುಟ ಸಾಕು, ಸಾರಾಂಶ ಬರೆಸಬೇಡಿ ಎಂಬ ಸಾಲಿಗೆ ಇನ್ನೊಂದು ನಮಸ್ಕಾರ. ಬರೆಯುವ ಭಯಕ್ಕೇ ಎಷ್ಟೋ ಮಕ್ಕಳು ಮೊದಲ ಪುಸ್ತಕಕ್ಕೇ ನಿಲ್ಲಿಸಿಬಿಡುತ್ತಾರೆ. ಮುಂದಿನ ಬೇಸಿಗೆಗೂ ಒಂದು ಪಟ್ಟಿ ಕೊಡಿ, ಈ ಸಲ ಪದ್ಯಗಳನ್ನೂ ಸೇರಿಸಿ.