ಕೆಡವೋ ಮೊದಲು ಮುಂದಿನವರ ಹೆಸರು ಹೇಳಲಿ

ಮಾನ್ಯ ಸಂಪಾದಕರೇ,

ಮುಖ್ಯಮಂತ್ರಿಯನ್ನೂ ಪ್ರಧಾನಿಯನ್ನೂ ಜನರೇ ನೇರವಾಗಿ ಆರಿಸುವಂತಾಗಬೇಕು, ಆಗ ಮಾತ್ರ ಈ ರೆಸಾರ್ಟ್ ರಾಜಕೀಯ ನಿಲ್ಲುತ್ತದೆ ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಅವರ ಸಿಟ್ಟು ನನಗೂ ಇದೆ. ನಾವು ಓಟು ಹಾಕಿ ಕಳಿಸಿದವರು ಮುಂಬೈ ಹೋಟೆಲಿನಲ್ಲಿ ಕೂತು ಇಲ್ಲಿನ ಸರ್ಕಾರ ಇರಬೇಕೋ ಬೇಡವೋ ಅಂತ ತೀರ್ಮಾನ ಮಾಡಿದ್ದನ್ನು 2019ರಲ್ಲಿ ಟಿವಿಯಲ್ಲಿ ದಿನಗಟ್ಟಲೆ ನೋಡಿದವರಿಗೆ ಹೀಗೆ ಅನ್ನಿಸದಿದ್ದರೇ ಆಶ್ಚರ್ಯ. ಆದರೆ ಅವರು ಹೇಳುವ ಮದ್ದನ್ನು ಒಂದು ದೇಶ ಈಗಾಗಲೇ ಕುಡಿದು ನೋಡಿದೆ. ಇಸ್ರೇಲ್. ಅಲ್ಲಿ ರೋಗ ಜಾಸ್ತಿಯೇ ಆಯಿತು.

ಇಸ್ರೇಲಿನದೂ ನಮ್ಮ ಹಾಗೇ ಸಂಸದೀಯ ಪದ್ಧತಿ. ಒಂದೇ ಸದನ, 120 ಸದಸ್ಯರು. ಯಾವ ಚುನಾವಣೆಯಲ್ಲೂ ಒಂದೇ ಪಕ್ಷಕ್ಕೆ ಬಹುಮತ ಬಂದದ್ದಿಲ್ಲ. ನಾಲ್ಕೈದು ಸೀಟಿನ ಪಕ್ಷಗಳು ಪ್ರಧಾನಿಯ ಜುಟ್ಟು ಹಿಡಿದು ಕೂರುತ್ತಿದ್ದವು. ಇದಕ್ಕೊಂದು ದಾರಿ ಮಾಡಬೇಕು ಅಂತ 1992ರಲ್ಲಿ ಕಾನೂನು ತಂದರು. ಮತದಾರನ ಕೈಗೆ ಎರಡು ಚೀಟಿ: ಒಂದು ಪ್ರಧಾನಿಗೆ, ಇನ್ನೊಂದು ಪಕ್ಷಕ್ಕೆ. 1996ರಲ್ಲಿ ಮೊದಲ ಸಲ ಹಾಗೆ ಚುನಾವಣೆ ನಡೆದು ನೆತನ್ಯಾಹು ಕೂದಲೆಳೆಯ ಅಂತರದಲ್ಲಿ ಪೆರೆಸ್ ಅವರನ್ನು ಸೋಲಿಸಿದರು.

ಜನ ಬಲೇ ಬುದ್ಧಿವಂತರು ನೋಡಿ. ಪ್ರಧಾನಿ ಚೀಟಿಯನ್ನು ದೊಡ್ಡ ನಾಯಕನಿಗೆ ಹಾಕಿದರು, ಪಕ್ಷದ ಚೀಟಿಯನ್ನು ತಮ್ಮ ತಮ್ಮ ಗುಂಪಿನ ಸಣ್ಣ ಪಕ್ಷಕ್ಕೆ ಹಾಕಿದರು. ಪ್ರಧಾನಿ ಯಾರು ಅನ್ನುವುದು ಬೇರೆ ಚೀಟಿಯಲ್ಲೇ ತೀರ್ಮಾನ ಆಗುವಾಗ ದೊಡ್ಡ ಪಕ್ಷಕ್ಕೆ ಯಾಕೆ ಹಾಕಬೇಕು ಅಲ್ವಾ? 1992ರಲ್ಲಿ ಎರಡು ದೊಡ್ಡ ಪಕ್ಷಗಳಿಗೆ ಸೇರಿ 76 ಸೀಟು ಇತ್ತು. 1999ಕ್ಕೆ ಅದು 45ಕ್ಕೆ ಇಳಿಯಿತು. ಆ ವರ್ಷ ಎಹುದ್ ಬರಾಕ್ ನೇರ ಚುನಾವಣೆಯಲ್ಲಿ ಭಾರಿ ಅಂತರದಿಂದ ಗೆದ್ದರು, ಆದರೆ ಸದನದಲ್ಲಿ ಅವರ ಕಡೆಯವರು ಬರೀ 26. ಎರಡು ವರ್ಷ ತುಂಬುವ ಮೊದಲೇ ಕುರ್ಚಿ ಹೋಯಿತು. 2001ರಲ್ಲಿ ಪ್ರಧಾನಿಗೆ ಮಾತ್ರ ಚುನಾವಣೆ ನಡೆದು ಶರೋನ್ ಬಂದರು, ಆದರೆ ಎದುರಿಗೆ ಅದೇ ಒಡೆದ ಸದನ. ಸಾಕಪ್ಪಾ ಸಾಕು ಅಂತ ಅದೇ ವರ್ಷ ಆ ಕಾನೂನನ್ನೇ ತೆಗೆದು ಹಾಕಿದರು.

ನಮ್ಮಲ್ಲೂ ಅದೇ ಆಗುತ್ತದೆ. ಜನರಿಂದ ನೇರವಾಗಿ ಆರಿಸಿ ಬಂದ ಮುಖ್ಯಮಂತ್ರಿಗೆ ವಿಧಾನಸಭೆಯಲ್ಲಿ 60 ಜನರ ಬೆಂಬಲ ಇದ್ದರೆ ಬಜೆಟ್ ಪಾಸು ಮಾಡಿಸಲು ಅವರೇ ಮೊದಲು ರೆಸಾರ್ಟ್ ಬುಕ್ ಮಾಡಬೇಕಾಗುತ್ತದೆ.

ಇನ್ನು ಕೆಲವರು ಅಮೆರಿಕದ ತರಹ ಅಧ್ಯಕ್ಷರು ಬೇಕು ಅನ್ನುತ್ತಾರೆ. ಅಲ್ಲಿ 2025ರ ಅಕ್ಟೋಬರ್ 1ರಿಂದ 43 ದಿನ ಸರ್ಕಾರದ ಅರ್ಧ ಬಾಗಿಲು ಮುಚ್ಚಿತ್ತು. ಖರ್ಚಿನ ಮಸೂದೆ ಪಾಸಾಗಿರಲಿಲ್ಲ. ಏರ್‌ಪೋರ್ಟ್‌ಗಳಲ್ಲಿ ವಿಮಾನ ಸಂಚಾರ ನಿಯಂತ್ರಿಸುವವರು ಸಂಬಳ ಇಲ್ಲದೆ ಡ್ಯೂಟಿ ಮಾಡಿದರು. ಅಧ್ಯಕ್ಷರೂ ಎರಡೂ ಸದನಗಳ ಬಹುಮತವೂ ಒಂದೇ ಪಕ್ಷದ್ದಾಗಿದ್ದಾಗ ಹೀಗೆ! ಪೆರುವಿನಲ್ಲೂ ಅಧ್ಯಕ್ಷರೇ; 2020ರ ನವೆಂಬರ್‌ನಲ್ಲಿ ಹತ್ತು ದಿನದೊಳಗೆ ಮೂವರು ಅಧ್ಯಕ್ಷರನ್ನು ಆ ದೇಶ ನೋಡಿತು. ಸಿಂಗಪುರದ ಉದಾಹರಣೆ ಕೊಡುವವರಿಗಂತೂ ಒಂದೇ ಮಾತು: ಅದು ಕೂಡ ಬ್ರಿಟಿಷರಿಂದ ಬಂದ ಸಂಸದೀಯ ಪದ್ಧತಿಯೇ, ಸ್ವಾಮಿ. 1959ರಿಂದ ಅಲ್ಲಿ ಅಧಿಕಾರದಲ್ಲಿರುವುದು ಒಂದೇ ಪಕ್ಷ ಅನ್ನುವುದು ಬೇರೆ ಕಥೆ.

ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುವಾಗ ಈ ವಿಷಯವನ್ನು ಮುಚ್ಚುಮರೆ ಇಲ್ಲದೆ ಹೇಳಿದ್ದರು. ಸರ್ಕಾರ ಗಟ್ಟಿಯಾಗಿಯೂ ಇರಬೇಕು, ದಿನದಿನವೂ ಉತ್ತರ ಕೊಡುವಂತೆಯೂ ಇರಬೇಕು, ಎರಡೂ ಒಂದೇ ಮಟ್ಟದಲ್ಲಿ ಸಿಗುವುದಿಲ್ಲ, ನಾವು ಉತ್ತರ ಕೊಡುವ ಸರ್ಕಾರವನ್ನು ಆರಿಸಿಕೊಂಡಿದ್ದೇವೆ ಎಂಬ ಅರ್ಥದಲ್ಲಿ. ಆ ಆಯ್ಕೆ ಸರಿ ಎಂದೇ ನನ್ನ ಅಭಿಪ್ರಾಯ. ದೇಶ ದೇಶಗಳನ್ನು ಹೋಲಿಸುವಾಗ ನಾವು ಸುಮ್ನೆ ಕುರ್ಚಿ ಮೇಲೆ ಯಾರು ಕೂರುತ್ತಾರೆ ಅಂತಷ್ಟೇ ನೋಡುತ್ತೇವೆ. ಅವರನ್ನು ಹೇಗೆ ಇಳಿಸುತ್ತಾರೆ ಅನ್ನುವುದನ್ನು ನೋಡುವುದಿಲ್ಲ. ನಮ್ಮ ತೊಂದರೆ ಇರುವುದು ಅಲ್ಲಿ.

ಇದನ್ನು ಕಲಿಯಬೇಕಾದರೆ ಜರ್ಮನಿಯನ್ನು ನೋಡಬೇಕು. 1932ರ ಸೆಪ್ಟೆಂಬರ್ 12. ಚಾನ್ಸಲರ್ (ಅಂದರೆ ಅಲ್ಲಿನ ಪ್ರಧಾನಿ) ಪಾಪೆನ್‌ಗೆ ಸಂಸತ್ತಿನಲ್ಲಿ ಬೆಂಬಲವೇ ಇಲ್ಲ. ಕಮ್ಯುನಿಸ್ಟರು ಅವಿಶ್ವಾಸ ತಂದರು, ನಾಜಿಗಳು ಜೊತೆ ಕೊಟ್ಟರು. ಸದನ ವಿಸರ್ಜನೆಯ ಆದೇಶವನ್ನು ಪಾಪೆನ್ ಕೆಂಪು ಫೋಲ್ಡರಿನಲ್ಲಿ ತಂದಿದ್ದರು. ಸಭಾಪತಿ ಪೀಠದಲ್ಲಿದ್ದವನು ನಾಜಿ ನಾಯಕ ಗೋರಿಂಗ್. ಪಾಪೆನ್ ಮಾತಾಡಲು ಅವಕಾಶ ಕೇಳುತ್ತಿದ್ದರೆ ಅವನು ನೋಡಿಯೂ ನೋಡದವನ ಹಾಗೆ ಬೇರೆ ಕಡೆ ಮುಖ ಮಾಡಿ ಮತದಾನ ಶುರು ಮಾಡಿಸಿದ. ಪಾಪೆನ್ ಕಾಗದವನ್ನು ಅವನ ಮೇಜಿನ ಮೇಲಿಟ್ಟು ಮಂತ್ರಿಗಳ ಜೊತೆ ಹೊರನಡೆದರು. ಓಟು ಎಣಿಸಿದಾಗ ಸರ್ಕಾರದ ವಿರುದ್ಧ 512, ಪರವಾಗಿ 42. ವಿಸರ್ಜನೆ ಊರ್ಜಿತವಾದ್ದರಿಂದ ಆ ಓಟಿಗೆ ಕಾನೂನಿನ ಬೆಲೆ ಸಿಗಲಿಲ್ಲ, ಅದು ಬಿಡಿ. ಯೋಚಿಸಬೇಕಾದದ್ದು ಆ 512 ಯಾರು ಅನ್ನುವುದನ್ನು. ಬೀದಿಯಲ್ಲಿ ಒಬ್ಬರನ್ನೊಬ್ಬರು ಬಡಿದು ಹಾಕುತ್ತಿದ್ದ ಎರಡು ಗುಂಪುಗಳು ಅದರಲ್ಲಿ ಸೇರಿದ್ದವು. ಕೆಡವುವುದಕ್ಕೆ ಒಟ್ಟಾಗಬಲ್ಲವರು, ಕಟ್ಟುವುದಕ್ಕೆ ಜನ್ಮದಲ್ಲಿ ಒಟ್ಟಾಗಲಾರರು.

ಯುದ್ಧ ಮುಗಿದು 1949ರಲ್ಲಿ ಹೊಸ ಸಂವಿಧಾನ ಬರೆದವರಿಗೆ ಇದು ಚೆನ್ನಾಗಿ ನೆನಪಿತ್ತು. 67ನೇ ವಿಧಿಯಲ್ಲಿ ಒಂದು ಸಣ್ಣ ಷರತ್ತು ಹಾಕಿದರು. ಚಾನ್ಸಲರನ್ನು ಇಳಿಸಬೇಕಾ? ಇಳಿಸಿ. ಆದರೆ ಅದೇ ಮತದಾನದಲ್ಲಿ ಮುಂದಿನ ಚಾನ್ಸಲರನ್ನು ಆರಿಸಿ. ಅದೂ ಅವತ್ತು ಸದನಕ್ಕೆ ಬಂದವರ ಬಹುಮತ ಸಾಲದು, ಒಟ್ಟು ಸದಸ್ಯರ ಬಹುಮತ ಬೇಕು. ನಿರ್ಣಯ ತಂದ ಮೇಲೆ ಮತದಾನಕ್ಕೆ 48 ಗಂಟೆ ಕಾಯಬೇಕು.

ಅಲ್ಲಿಂದ ಇಲ್ಲಿಯವರೆಗೆ ಆ ದಾರಿ ಹಿಡಿದದ್ದು ಎರಡೇ ಸಲ, ಗೆದ್ದದ್ದು ಒಂದೇ ಸಲ. 1972ರಲ್ಲಿ ಚಾನ್ಸಲರ್ ವಿಲ್ಲಿ ಬ್ರಾಂಟ್ ವಿರುದ್ಧ ವಿರೋಧ ಪಕ್ಷದ ಬಾರ್ಜೆಲ್ ನಿಂತರು. 249 ಬೇಕಿತ್ತು, ಬಂದದ್ದು 247. ಜರ್ಮನ್ನರೇನು ಸತ್ಯಹರಿಶ್ಚಂದ್ರರಲ್ಲ, ಬಾರ್ಜೆಲ್ ಪಕ್ಷದ ಸದಸ್ಯನೇ ಒಬ್ಬ 50,000 ಮಾರ್ಕ್ ತೆಗೆದುಕೊಂಡು ಅವರಿಗೆ ಓಟು ಹಾಕದೆ ಕೈಕೊಟ್ಟಿದ್ದ ಎಂದು ಮರುವರ್ಷ ಹೊರಬಂತು. ಇದರ ಹಿಂದೆ ಪೂರ್ವ ಜರ್ಮನಿಯ ಗುಪ್ತಚರರ ದುಡ್ಡು ಇತ್ತು ಅಂತ ಎಷ್ಟೋ ವರ್ಷಗಳ ಮೇಲೆ ಬಯಲಾಯಿತು. 1982ರ ಅಕ್ಟೋಬರ್ 1ರಂದು ಮಾತ್ರ ಹೆಲ್ಮುಟ್ ಕೋಲ್ 256 ಓಟು ಪಡೆದು ಷ್ಮಿಟ್ ಜಾಗಕ್ಕೆ ಬಂದರು. ಒಂದೇ ದಿನದಲ್ಲಿ ಹಳಬರು ಹೋಗಿ ಹೊಸಬರು ಬಂದಾಯಿತು. ಉಸ್ತುವಾರಿ ಸರ್ಕಾರ ಇಲ್ಲ, ರಾಜಭವನದ ಮುಂದೆ ಪರೇಡ್ ಇಲ್ಲ.

ಸ್ಪೇನ್ ಈ ನಿಯಮವನ್ನು 1978ರ ಸಂವಿಧಾನದಲ್ಲಿ ಎತ್ತಿಕೊಂಡಿತು. 2018ರಲ್ಲಿ ಸ್ಯಾಂಚೆಜ್ 180 ಓಟಿನಿಂದ ರಹೋಯ್ ಅವರನ್ನು ಇಳಿಸಿದ್ದು ಹಾಗೇ. ಸೋಲು ಖಚಿತ ಅಂತ ಗೊತ್ತಾದ ಮೇಲೆ ಹಿಂದಿನ ದಿನ ಮಧ್ಯಾಹ್ನ ರಹೋಯ್ ಚರ್ಚೆ ಬಿಟ್ಟು ಮ್ಯಾಡ್ರಿಡ್‌ನ ಒಂದು ರೆಸ್ಟೋರೆಂಟಿನಲ್ಲಿ ಕೂತುಬಿಟ್ಟರು. ಸದನದಲ್ಲಿ ಅವರ ಖಾಲಿ ಸೀಟಿನ ಮೇಲೆ ಉಪಪ್ರಧಾನಿಯವರ ಹ್ಯಾಂಡ್‌ಬ್ಯಾಗ್ ಇತ್ತು. ಫೋಟೋ ನೋಡಿದರೆ ನಗು ಬರುತ್ತದೆ, ಆದರೆ ಮರುದಿನ ದೇಶಕ್ಕೆ ಹೊಸ ಪ್ರಧಾನಿ ಇದ್ದರು.

ಈಗ ನಮ್ಮದು ನೋಡಿ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269ಕ್ಕೆ 270, ಒಂದೇ ಓಟಿನಿಂದ ಬಿತ್ತು. ಬೀಳಿಸಿದ 270 ಜನರ ಹತ್ತಿರ ಮುಂದಿನ ಪ್ರಧಾನಿ ಯಾರು ಅನ್ನುವುದಕ್ಕೆ ಒಂದು ಹೆಸರು ಇರಲಿಲ್ಲ. ಒಂದು ಹೆಸರಿಗೆ ಒಪ್ಪಿಸಲು ಓಡಾಡಿದರು, ಆಗಲಿಲ್ಲ. ಲೋಕಸಭೆ ವಿಸರ್ಜನೆ ಆಯಿತು. ಮುಂದಿನ ಸರ್ಕಾರ ಬಂದದ್ದು ಅಕ್ಟೋಬರ್‌ನಲ್ಲಿ. ನಡುವೆ ಏನಾಯಿತು? ಕಾರ್ಗಿಲ್ ಯುದ್ಧ. ಲೋಕಸಭೆಯೇ ಇಲ್ಲದ ದೇಶದಲ್ಲಿ ಉಸ್ತುವಾರಿ ಪ್ರಧಾನಿ ಯುದ್ಧ ನಡೆಸಬೇಕಾಯಿತು. ಜರ್ಮನಿಯ ಷರತ್ತು ಇಲ್ಲಿದ್ದಿದ್ದರೆ ಆ ಸರ್ಕಾರ ಇನ್ನೊಂದಷ್ಟು ದಿನ ಕುಂಟುತ್ತಾ ನಡೆಯುತ್ತಿತ್ತು, ಅಥವಾ ಎದುರಿನವರು ಕೂತು ಒಂದು ಹೆಸರಿಗೆ ಒಪ್ಪುತ್ತಿದ್ದರು. ಎರಡರಲ್ಲಿ ಯಾವುದಾದರೂ ವಾಸಿ.

ಅದು ಅವಿಶ್ವಾಸ ಅಲ್ಲ, ರಾಷ್ಟ್ರಪತಿ ಹೇಳಿದ ಮೇಲೆ ವಾಜಪೇಯಿ ತಾವೇ ಕೇಳಿದ ವಿಶ್ವಾಸಮತ ಅಂತ ಯಾರಾದರೂ ಕೇಳಬಹುದು. ನಿಜ. 2019ರಲ್ಲಿ ಕುಮಾರಸ್ವಾಮಿಯವರು 99ಕ್ಕೆ 105ರಲ್ಲಿ ಸೋತದ್ದೂ ತಾವೇ ಮಂಡಿಸಿದ ವಿಶ್ವಾಸಮತದಲ್ಲೇ. ಆದ್ದರಿಂದ ನಿಯಮ ತರುವುದಾದರೆ ಎರಡಕ್ಕೂ ಅನ್ವಯಿಸುವಂತೆ ತರಬೇಕು. ಇಲ್ಲದಿದ್ದರೆ ಬಹುಮತ ಸಾಬೀತು ಮಾಡಿ ಎಂಬ ರಾಜ್ಯಪಾಲರ ಒಂದು ಪತ್ರದಲ್ಲೇ ಆ ನಿಯಮದ ಕಥೆ ಮುಗಿದುಹೋಗುತ್ತದೆ. ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನ ಆಗಬೇಕು ಅಂತ 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಎಸ್.ಆರ್. ಬೊಮ್ಮಾಯಿಯವರ ಪ್ರಕರಣದಲ್ಲೇ. ಸದನದಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಅರ್ಧಕ್ಕೆ ಬಿಟ್ಟಿದ್ದೇವೆ. ಇವರು ಬೇಡ್ವಾ ಅಂತ ಕೇಳುತ್ತೇವೆ, ಹಾಗಾದರೆ ಯಾರು ಅಂತ ಕೇಳುವುದಿಲ್ಲ.

2019ರ ಆಟದಲ್ಲಿ ಇನ್ನೊಂದು ಚಮತ್ಕಾರ ಇತ್ತು. ವಿಪ್ (ಹೀಗೇ ಓಟು ಹಾಕಿ ಎಂಬ ಪಕ್ಷದ ಆದೇಶ) ಉಲ್ಲಂಘಿಸಿದರೆ ಸೀಟು ಹೋಗುತ್ತದೆ, ಅದಕ್ಕೇ ರಾಜೀನಾಮೆ ಕೊಟ್ಟುಬಿಡುವುದು. ಸದನದ ಬಲ ಕಡಿಮೆ ಆಗುತ್ತದೆ, ಬಹುಮತದ ಗೆರೆ ಕೆಳಗೆ ಬರುತ್ತದೆ, 105 ಸಾಕಾಗುತ್ತದೆ. ಸ್ಪೀಕರ್ 17 ಜನರನ್ನು ಅನರ್ಹಗೊಳಿಸಿದರು, ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿದು ಮತ್ತೆ ಸ್ಪರ್ಧಿಸಲು ಬಿಟ್ಟಿತು, ಡಿಸೆಂಬರ್ ಉಪಚುನಾವಣೆಯಲ್ಲಿ ಅವರಲ್ಲಿ ಬಹುಪಾಲು ಜನ ಗೆದ್ದು ಬಂದು ಹಲವರು ಮಂತ್ರಿಯೂ ಆದರು. ಜರ್ಮನಿಯಲ್ಲಿ ಈ ಆಟ ಆಡಲಾಗುವುದಿಲ್ಲ. ಸದಸ್ಯ ರಾಜೀನಾಮೆ ಕೊಟ್ಟರೆ ಅವರ ಪಕ್ಷದ ಪಟ್ಟಿಯಲ್ಲಿ ಮುಂದಿರುವವರು ಬಂದು ಆ ಸೀಟಿನಲ್ಲಿ ಕೂರುತ್ತಾರೆ. ಉಪಚುನಾವಣೆ ಇಲ್ಲ, ಪಕ್ಷದ ಬಲವೂ ಕುಗ್ಗುವುದಿಲ್ಲ. ನಮ್ಮಲ್ಲಿ ಪಟ್ಟಿ ಪದ್ಧತಿ ಇಲ್ಲ, ಹಾಗಾಗಿ ಅದನ್ನು ಹಾಗೇ ತರಲು ಬರುವುದಿಲ್ಲ. ಆದರೆ ಒಟ್ಟು 224 ಸ್ಥಾನಗಳ ಮೇಲೆ ಬಹುಮತ ಲೆಕ್ಕ ಹಾಕಬಹುದಲ್ಲ? ಹೊಸಬರು 113 ತೋರಿಸಲಿ. ಆಗ ಖಾಲಿ ಕುರ್ಚಿಗಳಿಂದ ಯಾರಿಗೂ ಲಾಭ ಇರುವುದಿಲ್ಲ.

ಇಷ್ಟು ಮಾಡಿದರೆ ಪಕ್ಷಾಂತರ ಕಾನೂನನ್ನು ಸ್ವಲ್ಪ ಸಡಿಲ ಬಿಡಬಹುದು. 1985ರಲ್ಲಿ ತಂದ ಈ ಕಾನೂನು ಸರ್ಕಾರ ಬೀಳುವುದನ್ನು ತಡೆಯಲಿಲ್ಲ, ಶಾಸಕನ ಬಾಯಿ ಮಾತ್ರ ಕಟ್ಟಿತು. ಯಾವ ಮಸೂದೆ ಆದರೂ ವಿಪ್ ಬಂದರೆ ಕೈ ಎತ್ತಬೇಕು. ಬ್ರಿಟನ್ನಿನಲ್ಲಿ 2019ರ ಜನವರಿ 15ರಂದು ಪ್ರಧಾನಿ ತೆರೇಸಾ ಮೇ ಅವರ ಬ್ರೆಕ್ಸಿಟ್ (ಯುರೋಪಿಯನ್ ಒಕ್ಕೂಟ ಬಿಡುವ) ಒಪ್ಪಂದದ ವಿರುದ್ಧ ಅವರದೇ ಪಕ್ಷದ 118 ಸಂಸದರು ಓಟು ಹಾಕಿದರು. 230 ಓಟಿನ ಸೋಲು. ಮರುದಿನ ಅವಿಶ್ವಾಸ ಬಂತು, ಅದೇ ಜನ ಮೇ ಪರವಾಗಿ ನಿಂತು ಸರ್ಕಾರ ಉಳಿಸಿದರು. ಒಪ್ಪಂದ ಬೇಡ, ಸರ್ಕಾರ ಇರಲಿ! ನಮ್ಮ ಕಾನೂನಿನಲ್ಲಿ ಆ 118 ಜನರ ಸೀಟಿಗೇ ಕುತ್ತು ಬರುತ್ತಿತ್ತು. ವಿಶ್ವಾಸಮತಕ್ಕೂ ಬಜೆಟ್‌ಗೂ ಮಾತ್ರ ವಿಪ್ ಇಟ್ಟು ಉಳಿದದ್ದನ್ನು ಬಿಟ್ಟರೆ ನಮ್ಮ ಶಾಸಕರೂ ತಮ್ಮ ಕ್ಷೇತ್ರಕ್ಕೆ ಒಲ್ಲದ ಮಸೂದೆಗೆ ಇಲ್ಲ ಅನ್ನಬಹುದು. ಅನ್ನುತ್ತಾರಾ ಅನ್ನುವುದು ಬೇರೆ ಪ್ರಶ್ನೆ.

ಜರ್ಮನಿಯ ನಿಯಮ ತಂದಕೂಡಲೇ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಇಸ್ರೇಲೂ ಆಮೇಲೆ ಇದೇ ನಿಯಮ ತಂದುಕೊಂಡಿತು, ಆದರೂ 2019ರಿಂದ 2022ರೊಳಗೆ ಐದು ಚುನಾವಣೆ ನಡೆಸಿತು. ಬಹುಮತವೇ ಹುಟ್ಟದಿದ್ದರೆ ಯಾವ ನಿಯಮವೂ ಹುಟ್ಟಿಸುವುದಿಲ್ಲ. 2024ರ ನವೆಂಬರ್‌ನಲ್ಲಿ ಷೋಲ್ಜ್ ಅವರ ಮೈತ್ರಿ ಮುರಿದಾಗ ಜರ್ಮನಿಯೂ ಚುನಾವಣೆಗೇ ಹೋಗಬೇಕಾಯಿತು. ಆದರೆ ಫೆಬ್ರವರಿ 23ಕ್ಕೆ ಮತದಾನ ಮುಗಿದಿತ್ತು, ಅಲ್ಲಿಯವರೆಗೂ ಷೋಲ್ಜ್ ಚಾನ್ಸಲರ್ ಆಗಿಯೇ ಇದ್ದರು, ಯಾರೂ ಯಾರನ್ನೂ ಬಸ್ಸಿನಲ್ಲಿ ತುಂಬಿಕೊಂಡು ಹೋಗಲಿಲ್ಲ.

ಹೊರದೇಶದ ಮಾತು ಯಾಕೆ ಅನ್ನುವವರಿಗೆ ಇನ್ನೊಂದು ವಿಷಯ. ಸಂವಿಧಾನದ ಕಾರ್ಯವೈಖರಿ ಪರಿಶೀಲಿಸಲು ನೇಮಿಸಿದ್ದ ಆಯೋಗ 2002ರಲ್ಲೇ ಇದನ್ನು ಹೇಳಿದೆ. ಅವಿಶ್ವಾಸ ತರುವವರು ಬದಲಿ ನಾಯಕನ ಹೆಸರನ್ನೂ ಜೊತೆಗೇ ಮತಕ್ಕೆ ಹಾಕಬೇಕು ಅಂತ. ಅದರ ಅಧ್ಯಕ್ಷರು ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು. ಅಲ್ಲಿಂದ ಎಲ್ಲ ಪಕ್ಷಗಳೂ ಒಂದಲ್ಲ ಒಂದು ಕಡೆ ಅಧಿಕಾರದಲ್ಲಿ ಕೂತು ಎದ್ದಿವೆ. ಯಾರಿಗೂ ಆ ವರದಿ ನೆನಪಾಗಲಿಲ್ಲ. ಯಾಕೆ ಅಂತ ಊಹಿಸುವುದು ಕಷ್ಟವಲ್ಲ: ಇವತ್ತು ಬೀಳುವವರಿಗೆ ಬೇಕು, ನಾಳೆ ಬೀಳಿಸುವವರಿಗೆ ಬೇಡ.

ಅವಿಶ್ವಾಸ ನಿರ್ಣಯದ ವಿಧಾನ ಸಂವಿಧಾನದಲ್ಲಿ ಬರೆದಿಲ್ಲ, ಲೋಕಸಭೆಯಲ್ಲಿ ಅದು ಸದನದ ನಿಯಮಾವಳಿಯಲ್ಲಿದೆ. ಹಾಗಿದ್ದರೆ ನಮ್ಮ ವಿಧಾನಸಭೆ ತನ್ನ ನಿಯಮವನ್ನು ತಾನೇ ತಿದ್ದಿಕೊಂಡು ಈ ಷರತ್ತು ಹಾಕಲು ಸಾಧ್ಯವಾ, ಅಥವಾ ಸಂವಿಧಾನ ತಿದ್ದುಪಡಿಯೇ ಆಗಬೇಕಾ? ಬಲ್ಲ ವಕೀಲರು ಯಾರಾದರೂ ಇದೇ ಅಂಕಣದಲ್ಲಿ ಬರೆದರೆ ಉಪಕಾರ.

ಇಂತಿ,
ಒಬ್ಬ ಓದುಗ, ಹಾಸನ